ಕೃತಿಕನ್ಯೆಯ ಧಾರೆ

ಅಚ್ಚಿರಾಜುವಿನ ಮನೆಯ ಆಳು ತುಪ್ಪದ ಡಬ್ಬ ಹೊತ್ತು ತಂದು ಜಗಲಿಯ ಮೇಲೆ ಇಳಿಸಿದಾಗ ಕಾಮೇಶ್ವರಮ್ಮ ಹೊಸ್ತಿಲು ಸಾರಿಸುತ್ತಿದ್ದಳು. ಶ್ರಾವಣದ ಶುಕ್ರವಾರ. ಆ ಮನೆಯಲ್ಲಿ ದೇವರ ದೀಪಕ್ಕೆ ಬಿಟ್ಟರೆ ತುಪ್ಪದ ಮಾತು ಎತ್ತಿ ಬಹಳ ದಿನವಾಗಿತ್ತು.

"ಯಾರು ಕಳಿಸಿದ್ದು?"

"ನಮ್ಮ ಧಣಿಗಳು ತಾಯಿ. ಅವಧಾನಿಗಳಿಗೆ ಮುಟ್ಟಿಸು ಅಂದ್ರು."

"ವಾಪಸ್ ತಗೊಂಡು ಹೋಗು."

ಆಳು ತಲೆ ಕೆರೆದುಕೊಂಡು ನಿಂತ. ಒಳಗಿನಿಂದ ಗಂಡನ ಅಕ್ಕ ಬುಚ್ಚೆಮ್ಮ ಬಂದಳು. ಹನ್ನೆರಡನೆಯ ವಯಸ್ಸಿಗೇ ತಲೆ ಬೋಳಿಸಿಕೊಂಡು ತವರು ಸೇರಿದವಳು ಆಕೆ; ತಮ್ಮ ಹೇಳಿದ್ದೇ ವೇದ, ತಮ್ಮನ ಎಲೆಗೆ ಬಡಿಸುವುದೇ ವ್ರತ.

"ಒಳಗೆ ತೆಗೆದಿಡು ಕಾಮೇಶ್ವರಿ. ಬೆಕ್ಕು ಸುಳಿದಾಡ್ತಿದೆ."

"ಇದು ಅಚ್ಚಿರಾಜು ಮನೆದು ಅತ್ತಿಗೆ."

"ಇದ್ದರೇನಾಯ್ತು? ತುಪ್ಪಾನ ಸಾರಾಯಿ ಭಟ್ಟೀಲಿ ಕಾಯಿಸ್ತಾರಾ? ಮನೇಲಿ ಬಸುರಿ ಹುಡುಗಿ ಇದ್ದಾಳೆ, ಅದನ್ನ ನೋಡು."

ನರಸಾಪುರದ ಸುತ್ತಲ ಸಾರಾಯಿ, ಹೆಂಡದ ಅಂಗಡಿಗಳೆಲ್ಲ ಅಚ್ಚಿರಾಜುವಿನ ಗುತ್ತಿಗೆ. ಸರಕಾರ ಅವನಿಗೆ ರಾವ್ ಸಾಹೇಬ ಎಂಬ ಬಿರುದನ್ನೂ ಕೊಟ್ಟಿತ್ತು. ಬೇಸಿಗೆಯಲ್ಲಿ ಕಾಲುವೆ ದಂಡೆಯ ಅವನ ಅಂಗಡಿಯ ಮುಂದೆ ಕುಡಿಯಲು ಬರುವವರನ್ನು ತಡೆಯಲು ಹುಡುಗರು ಕೈಕೈ ಹಿಡಿದು ಸಾಲಾಗಿ ನಿಂತಿದ್ದರು. ಸಾಲಿನ ಮುಂದಿದ್ದವನು ಕಾಮೇಶ್ವರಮ್ಮನ ಒಬ್ಬನೇ ಮಗ ವಿಶ್ವಪತಿ. ಹಾಡುತ್ತಿದ್ದದ್ದು ಹೆಂಡದಂಗಡಿಯ ಮೇಲೆ ಅವನ ಅಪ್ಪ ಅವಧಾನಿಗಳೇ ಬರೆದ ಸೀಸಪದ್ಯ. ಅಚ್ಚಿರಾಜುವಿನ ಆಳುಗಳು ಮಡಕೆಗಳ ತಳದ ಗಷ್ಟು, ಎಂಜಲು ನೀರು, ಸಗಣಿ ಎಲ್ಲ ಕಲಸಿ ಹುಡುಗರ ತಲೆಯ ಮೇಲೆ ಸುರಿದರು. ಆದರೂ ಹಾಡು ನಿಲ್ಲಲಿಲ್ಲ. ಆಗ ದೊಣ್ಣೆ ಎತ್ತಿದರು. ವಿಶ್ವಪತಿಯ ಮುಂದಿನ ಹಲ್ಲುಗಳು ಅಲ್ಲೇ ಉದುರಿದವು. ಪೊಲೀಸರು ಬಂದು ಹೊಡೆದವರನ್ನು ಬಿಟ್ಟು ಹೊಡೆಸಿಕೊಂಡವರನ್ನು ಹಿಡಿದುಕೊಂಡು ಹೋದರು. ಈಗ ಅವನು ರಾಜಮಹೇಂದ್ರವರದ ಜೈಲಿನಲ್ಲಿದ್ದ, ವರ್ಷದ ಸಜೆ. ಅವನ ಹೆಂಡತಿ ಭ್ರಮರಾಂಬ ಬಸುರಿ.

ಸೂರನ್ನಾವಧಾನಿಗಳು ಹೊರಗೆ ಬಂದರು. ಬೆರಳಲ್ಲಿ ನಶ್ಯ ಹಿಡಿದಿದ್ದರು. ಡಬ್ಬ ನೋಡಿದ ಕೂಡಲೇ ಮುಖ ಅರಳಿತು. ನಶ್ಯ ಏರಿಸಿ, ಬೆರಳನ್ನು ಹೆಗಲ ಮೇಲಿನ ಖಾದಿ ಉತ್ತರೀಯಕ್ಕೆ ಒರೆಸಿದರು. ಆ ನೂಲು ಕಾಮೇಶ್ವರಮ್ಮ ನೂತದ್ದು. ರಾಟೆಯ ಮೇಲೆ ಒಂದು ಶತಕವನ್ನೇ ಬರೆದ ಮಹಾನುಭಾವರು ಒಂದು ದಿನವೂ ರಾಟೆ ಮುಟ್ಟಿದವರಲ್ಲ. ಪದ್ಯ ಅವರದು, ನೂಲು ಹೆಂಗಸರದು, ಜೈಲು ಮಗನದು. ಮನೆಯಲ್ಲಿ ದೇಶಸೇವೆ ಹಾಗೆ ಹಂಚಿಕೆಯಾಗಿತ್ತು.

"ಇಳಿಸಪ್ಪಾ, ಒಳಗೇ ಇಳಿಸು," ಎಂದು ಆಳಿಗೆ ಹೇಳಿ ಹೆಂಡತಿಯ ಕಡೆ ತಿರುಗಿದರು. "ನಮ್ಮ ಹುಡುಗಿಗೆ ಗಂಡು ಸಿಕ್ಕಿತು ಕಣೇ."

"ಯಾವ ಹುಡುಗಿ?"

"ಕಾವ್ಯ. ಅದೂ ಮಗಳೇ ಅಲ್ಲವೇ? ಎಷ್ಟು ದಿನ ಅಂತ ಮನೇಲಿ ಇಟ್ಟುಕೊಂಡಿರೋದು? ಭರ್ತ ಇಲ್ಲದ ಕೃತಿ ಅಂದ್ರೆ ಮದುವೆ ಆಗದೆ ಉಳಿದ ಹೆಣ್ಣಿನ ಹಾಗೆ. ರಾವ್ ಸಾಹೇಬರು ಕೃತಿಭರ್ತರಾಗೋಕೆ ಒಪ್ಪಿದ್ದಾರೆ. ಅಚ್ಚು ಹಾಕಿಸ್ತಾರೆ, ಶಾಲು ಹೊದಿಸ್ತಾರೆ. ವಿಜಯದಶಮಿ ದಿನ ಕಾಲಿಗೆ ಬಂಗಾರದ ಗಂಡಪೆಂಡೇರ ತೊಡಿಸ್ತಾರೆ."

ಕಾಮೇಶ್ವರಮ್ಮ ಸಗಣಿ ಕೈಯಲ್ಲೇ ಎದ್ದು ನಿಂತಳು.

"ಭಾರತಮಾತೆ ಸಂಕೋಲೆ ಹರಿಯೋ ಕಾವ್ಯ ಅಲ್ಲವಾ ಅದು?"

"ಹೌದು."

"ಅದನ್ನ ಸಾರಾಯಿಯವನಿಗೆ ಕೊಡ್ತೀರಾ?"

"ರಾವ್ ಸಾಹೇಬರು ಅನ್ನು."

"ಮಗನ ಹಲ್ಲು ಉದುರಿಸಿದವನಿಗೆ."

"ಅವರೇನು ಕೈ ಎತ್ತಿದರೇ? ಆಳುಮಕ್ಕಳು ಮಾಡಿದ ಕೆಲಸ. ಆ ದಿನ ಅವರು ಊರಲ್ಲೇ ಇರಲಿಲ್ಲ. ಕೇಳಿ ಬಹಳ ನೊಂದುಕೊಂಡರು, ಗೊತ್ತಾ? ನನ್ನ ಕೈ ಹಿಡಿದುಕೊಂಡು ಹೇಳಿದರು."

"ಹಾಗಾದರೆ ಒಂದು ಮಾತು ಹಾಕಿ ಹುಡುಗನ್ನ ಬಿಡಿಸೋಕೆ ಹೇಳಿ. ಕಲೆಕ್ಟರ ಪಕ್ಕದ ಕುರ್ಚೀಲಿ ಕೂರೋರು ತಾನೇ."

ಅವಧಾನಿಗಳು ಮುಖ ಕಿವಿಚಿದರು. "ಕೃತಿ ಕೊಡೋ ಹೊತ್ತಲ್ಲಿ ಬೇಡೋದಾ? ಅಲ್ಪತನ ಕಣೇ ಅದು. ಕವಿ ಕೈಚಾಚಬಾರದು."

ತುಪ್ಪದ ಡಬ್ಬ ಅಷ್ಟು ಹೊತ್ತಿಗೆ ಒಳಗೆ ಸೇರಿಯಾಗಿತ್ತು.

ಮಧ್ಯಾಹ್ನ ಬುಚ್ಚೆಮ್ಮ ತೊಗರಿಬೇಳೆಯ ಮುದ್ದಪಪ್ಪು ಮಾಡಿ, ಬಿಸಿ ಅನ್ನದ ಮೇಲೆ ಸುರಿದು, ತಮ್ಮನ ಎಲೆಯಲ್ಲಿ ತುಪ್ಪ ಹರಿಯುವಷ್ಟು ಬಡಿಸಿದಳು. ಅವಧಾನಿಗಳು ಮೊಣಕೈವರೆಗೆ ಇಳಿದದ್ದನ್ನು ನೆಕ್ಕಿಕೊಂಡು ಉಂಡರು. ಊಟದ ನಡುವೆ ಸ್ವಾತಂತ್ರ್ಯಲಕ್ಷ್ಮಿಯ ಮೇಲೆ ಒಂದು ಉತ್ಪಲಮಾಲೆಯೂ ಬಾಯಿಗೆ ಬಂತು. ಕಾಮೇಶ್ವರಮ್ಮ ಆ ಬಾಯನ್ನೇ ನೋಡುತ್ತ ನಿಂತಳು. ಈ ಮನುಷ್ಯನ ಎಂಜಲೆಲೆಯಲ್ಲಿ ನಾನು ಇಷ್ಟು ವರ್ಷ ಉಂಡೆನಲ್ಲ ಎಂದು ಅವತ್ತು ಮೊದಲ ಸಲ ಅನ್ನಿಸಿತು. ಬೇರೆ ಎಲೆ ಹಾಕಿಕೊಂಡು ಮಜ್ಜಿಗೆ ಅನ್ನ ಕಲಸಿದಳು. ಅದೂ ಇಳಿಯಲಿಲ್ಲ.

ಸೊಸೆ ತುಪ್ಪ ಹಾಕಿಸಿಕೊಂಡಳು. ಪಾತ್ರೆ ಬೆಳಗುವಾಗ ಬಾವಿಯ ಹತ್ತಿರ ಮೆಲ್ಲಗೆ ಅಂದಳು, "ತಿಂದೆ ಅತ್ತೆ."

"ತಿನ್ನಬೇಕು. ಬಸುರಿ."

"ರುಚಿಯಾಗಿತ್ತು. ಅದೇ ನನಗೆ ಅಸಹ್ಯ ಆಗ್ತಿದೆ."

ಆಮೇಲೆ ಪ್ರತಿ ಶುಕ್ರವಾರ ಏನಾದರೊಂದು ಬಂತು. ಒಂದು ವಾರ ಹೊಸ ಅಕ್ಕಿ, ಇನ್ನೊಂದು ವಾರ ಬೆಲ್ಲ, ತೆಂಗಿನಕಾಯಿ, ಹೊಳೆಯಾಚೆಯ ತೋಟದ ಬಾಳೆಗೊನೆ. ಬುಚ್ಚೆಮ್ಮ ಎಲ್ಲವನ್ನೂ ಅಟ್ಟಕ್ಕೆ ಏರಿಸಿದಳು. ಕಾಮೇಶ್ವರಮ್ಮ ತನ್ನ ತವರಿನ ಹೊಲದಿಂದ ಬಂದ ಹಳೇ ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿಕೊಂಡಳು.

"ಒಂದೇ ಮನೇಲಿ ಎರಡು ಅನ್ನವಾ? ನೋಡಿದವರು ಏನಂದಾರು?" ಎಂದು ಬುಚ್ಚೆಮ್ಮ ಗೊಣಗಿದಳು.

"ನೋಡಲಿ ಅಂತಲೇ."

"ನಿನಗೆ ಸೊಕ್ಕು. ನನ್ನ ತಮ್ಮ ಕವಿ ಅಂತ ತಾನೇ ಊರು ನಿನಗೆ ಅಮ್ಮಾ ಅನ್ನೋದು?"

ಅವಧಾನಿಗಳಿಗೆ ಅಡಿಗೆಮನೆಯ ಜಗಳ ಕಿವಿಗೆ ಬೀಳುತ್ತಿರಲಿಲ್ಲ. ಅವರು ಕೃತಿಭರ್ತನ ವಂಶವರ್ಣನೆಯಲ್ಲಿ ಮುಳುಗಿದ್ದರು. ಕಾವ್ಯ ಯಾರಿಗೆ ಅಂಕಿತವೋ ಅವನ ತಾತ ಮುತ್ತಾತಂದಿರನ್ನು ಮೊದಲಿಗೆ ಹೊಗಳಬೇಕು, ಅದು ಪದ್ಧತಿ. ಅಚ್ಚಿರಾಜುವಿನ ತಾತ ಕಾಲುವೆಯ ದಂಡೆಯಲ್ಲಿ ಹಗ್ಗ ಹೆಗಲಿಗೆ ಹಾಕಿಕೊಂಡು ದೋಣಿ ಎಳೆಯುತ್ತಿದ್ದ. ಅದು ಊರಿಗೆಲ್ಲ ಗೊತ್ತು. ಅವಧಾನಿಗಳು ಅವನನ್ನು ಚಂದ್ರವಂಶಕ್ಕೆ ಸೇರಿಸಿ, ಕೈಗೆ ಕತ್ತಿ ಕೊಟ್ಟು, ಸಮುದ್ರದವರೆಗೆ ದಂಡಯಾತ್ರೆ ಮಾಡಿಸಿದರು. ಬರೆದದ್ದನ್ನು ಜಗಲಿಯಲ್ಲಿ ರಾಗವಾಗಿ ಓದಿದಾಗ ಭ್ರಮರಾಂಬ ಬಾಗಿಲ ಮರೆಯಲ್ಲಿ ನಕ್ಕುಬಿಟ್ಟಳು.

"ಯಾಕೆ ನಗು?"

"ಏನಿಲ್ಲ ಮಾವ. ಹಗ್ಗ ಎಲ್ಲಿ ಹೋಯ್ತು ಅಂತ."

"ಕಾವ್ಯದಲ್ಲಿ ಅಂಥಾದ್ದೆಲ್ಲ ಹೇಳೋ ಹಾಗಿಲ್ಲಮ್ಮ. ಔಚಿತ್ಯ ಅಂತ ಒಂದಿದೆ."

"ದೋಣಿ ಎಳೆದದ್ದು ನಾಚಿಕೆ ಕೆಲಸವಾ?" ಎಂದು ಕಾಮೇಶ್ವರಮ್ಮ ಒಳಗಿನಿಂದಲೇ ಕೇಳಿದಳು. "ಆ ಮನೇಲಿ ಮರ್ಯಾದೆಯಿಂದ ದುಡಿದವನು ಅವನೊಬ್ಬನೇ. ಅವನನ್ನೇ ಮುಚ್ಚಿಟ್ರಿ."

ಭಾದ್ರಪದದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಅಚ್ಚಿರಾಜು ಸ್ವತಃ ಮನೆಗೆ ಬಂದ. ಕೆಟ್ಟ ಮಾತಿನವನಲ್ಲ, ಜಗಲಿಯ ತುದಿಯಲ್ಲಿ ವಿನಯವಾಗಿ ಕೂತು, "ಹುಡುಗ ಆರೋಗ್ಯವಾಗಿದ್ದಾನಾ ತಾಯಿ?" ಎಂದು ಒಳಗಿದ್ದವಳನ್ನು ಕೇಳಿದ. ಕಾಮೇಶ್ವರಮ್ಮ ರಾಟೆ ತಿರುಗಿಸುತ್ತಲೇ ಇದ್ದಳು. ಅವನು ನಯವಾಗಿ ಕೆಮ್ಮಿ ಅವಧಾನಿಗಳಿಗೆ, "ಪುಸ್ತಕ ದೊಡ್ಡದಾಯ್ತೇನೋ ಸ್ವಾಮಿ. ಹೆಂಡದಂಗಡಿ ಮೇಲೆ ಅದೇನೋ ಸೀಸಪದ್ಯ ಇದೆಯಂತಲ್ಲ..." ಎಂದ. ಮುಂದಿನದನ್ನು ಹೇಳುವ ಅಗತ್ಯವೇ ಬೀಳಲಿಲ್ಲ. ಅವಧಾನಿಗಳು ಅವನೆದುರಿಗೇ ಹಾಳೆಗಳನ್ನು ಎಳೆದು ಮಗ್ಗುಲಿಗಿಟ್ಟರು.

"ಕಥೆಗೆ ಅದು ಅಡ್ಡವೇ ಆಗಿತ್ತು," ಎಂದರು. "ತೆಗೆದರೆ ಓಟ ಚೆನ್ನಾಗಿರುತ್ತೆ."

ಮಗ ಹಲ್ಲು ಮುರಿಸಿಕೊಳ್ಳುವಾಗ ಹಾಡುತ್ತಿದ್ದ ಪದ್ಯಗಳು ಅವು. ಕಾಮೇಶ್ವರಮ್ಮನಿಗೆ ಬಾಯಿಪಾಠ. ನೂಲುವಾಗ ಅವನ್ನೇ ಗುನುಗಿಕೊಳ್ಳುತ್ತಿದ್ದಳು. ಗಂಡನ ಮೇಲೆ ಎಷ್ಟು ಹೇಸಿಗೆಯಾದರೂ ಆ ಪದ್ಯಗಳ ಮೇಲೆ ಆಗಿರಲಿಲ್ಲ. ಕೊಳಕು ಬಾಯಿಂದ ಇಂಥ ಮಾತು ಹೇಗೆ ಬಂತೋ ಎಂದು ಎಷ್ಟೋ ಸಲ ಬೆರಗಾಗಿದ್ದಳು. ಈಗ ಬರೆದವನೇ ಅವನ್ನು ಬಾಳೆಕಾಯಿಯ ಸಿಪ್ಪೆ ತೆಗೆದಷ್ಟು ಸಲೀಸಾಗಿ ತೆಗೆದ.

ಆ ವಾರವೇ ಅತ್ತೆ ಸೊಸೆ ದೋಣಿಯಲ್ಲಿ ರಾಜಮಹೇಂದ್ರವರಕ್ಕೆ ಹೋದರು. ವಿಶ್ವಪತಿ ಬೋಳು ತಲೆ, ಮಂಡಿವರೆಗಿನ ಚಡ್ಡಿಯಲ್ಲಿ ಜಾಲರಿಯ ಆಚೆ ಬಂದು ನಿಂತ. ಮುಂದಿನ ಹಲ್ಲಿಲ್ಲದೆ ಮಾತು ಗಾಳಿಯಾಗುತ್ತಿತ್ತು. ಹೆಂಡತಿಯ ಹೊಟ್ಟೆ ನೋಡಿ ನಾಚಿದ. ಆಮೇಲೆ ಮಾತೆಲ್ಲ ಪದ್ಯದ್ದೇ.

"ಬೆಳಗ್ಗೆ ಎದ್ದ ಕೂಡಲೇ ಇಡೀ ಬ್ಯಾರಕ್ಕು ಅಪ್ಪನ ಸೀಸಪದ್ಯ ಹಾಡುತ್ತೆ ಅಮ್ಮಾ. ತಮಿಳರು, ಮಲೆಯಾಳದವರು ಕೂಡ ಕಲಿತಿದ್ದಾರೆ. ಹಾಡಿದ್ದಕ್ಕೆ ಒಂದು ಸಲ ಗಂಜಿ ಕೊಡಲಿಲ್ಲ. ಮಾರನೇ ದಿನ ಇನ್ನೂ ಜೋರಾಗಿ ಹಾಡಿದ್ವಿ. ಪುಸ್ತಕ ಆಯ್ತಾ?"

"ದಸರಾಕ್ಕೆ ಆಗುತ್ತಂತೆ."

"ಯಾರಿಗೆ ಅಂಕಿತ? ಗುಡಿಯ ಕೇಶವಸ್ವಾಮಿಗೇ ಕೊಡ್ತಿರಬೇಕು. ಮನುಷ್ಯರಿಗೆ ಕೊಡೋ ಪೈಕಿ ಅಲ್ಲ ಅಪ್ಪ."

ಭ್ರಮರಾಂಬ ಅತ್ತೆಯ ಮುಖ ನೋಡಿದಳು. ಕಾಮೇಶ್ವರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹೂಂ ಕಣಪ್ಪ," ಎಂದಳು.

"ಆ ದಿನ ನೀನು ಹೋಗಿ ಕೂತು ಕೇಳಬೇಕು. ಅಷ್ಟು ಜನರ ಮುಂದೆ ಅಪ್ಪ ಆ ಪದ್ಯ ಓದಿದ್ದು ಹೇಗಿತ್ತು ಅಂತ ಬಂದು ಹೇಳು."

ದೋಣಿಯಲ್ಲಿ ವಾಪಸು ಬರುವಾಗ ಸೊಸೆ ಕೇಳಿದಳು, "ಯಾಕತ್ತೆ ಸುಳ್ಳು ಹೇಳಿದ್ರಿ?"

"ಜೈಲಲ್ಲಿ ಅವನಿಗೆ ಇರೋದು ಅದೊಂದೇ. ಅದನ್ನೂ ನಾನೇ ಕಿತ್ತುಕೊಳ್ಳಲಾ?" ಎಂದಳು ಕಾಮೇಶ್ವರಮ್ಮ. ಬಾಯಿ ಕಹಿಯಾಗಿತ್ತು. ಕಾಲುವೆ ನೀರಿನಲ್ಲಿ ಮುಕ್ಕಳಿಸಿ ಉಗಿದಳು.

ನವರಾತ್ರಿಯ ಮೊದಲ ದಿನ ಪುರೋಹಿತ ಸೋಮಯಾಜುಲು ಮನೆಗೆ ಬಂದು ಕ್ರಮ ಹೇಳಿದರು. ಕಾವ್ಯಕ್ಕೆ ಅರಿಸಿನದ ಪಟ್ಟೆ ಉಡಿಸಿ, ಬಾಸಿಂಗ ಕಟ್ಟಿ, ಸಾಕ್ಷಾತ್ ಕನ್ಯಾದಾನದ ಹಾಗೆಯೇ ನಡೆಯಬೇಕು. ಕವಿ ಧಾರೆ ಎರೆಯುವಾಗ ಪಕ್ಕದಲ್ಲಿ ಧರ್ಮಪತ್ನಿ ನಿಂತು ಗಿಂಡಿಯಿಂದ ನೀರು ಬಿಡಬೇಕು. ಹೆತ್ತತಾಯಿ ನೀರು ಬಿಡದೆ ಕನ್ಯಾದಾನ ಎಲ್ಲಿಯದು?

ಅವರು ಹೋದ ಮೇಲೆ ಕಾಮೇಶ್ವರಮ್ಮ ಕೇಳಿದಳು, "ಮದುಮಗನ ಕಾಲೂ ತೊಳೀತೀರಾ?"

"ಛೆ, ಕಾಲು ಬೇಡ. ನಾವು ಬ್ರಾಹ್ಮಣರು. ಸೋಮಯಾಜುಲು ಅದನ್ನ ಬಿಟ್ಟಿದ್ದಾರೆ."

"ಅವನ ಕಾಲು ಮೈಲಿಗೆ, ಅವನ ಬಂಗಾರ ಮಡಿ."

"ನಿನ್ನ ನಾಲಿಗೆ ಹರಿತವಾಗ್ತಿದೆ ಕಾಮೇಶ್ವರಿ."

"ಇಷ್ಟು ದಿನ ಮೊಂಡಾಗಿತ್ತು. ನಾನು ನೀರು ಬಿಡಲ್ಲ."

ಅವಧಾನಿಗಳು ಹೌಹಾರಿದರು. ಬೇಡಿದರು, ಬೈದರು, ಮತ್ತೆ ಬೇಡಿದರು. ಕಾಂಗ್ರೆಸ್ ತಾಲ್ಲೂಕು ಅಧ್ಯಕ್ಷರೇ ಸಭೆಗೆ ಅಧ್ಯಕ್ಷರು, ನಾಲ್ಕು ಊರಿನ ಪಂಡಿತರು ಬರುತ್ತಾರೆ, ಹೆಂಡತಿ ಮೊಂಡು ಹಿಡಿದರೆ ಮಾನ ಹೋಯಿತು ಎಂದರು. ಬುಚ್ಚೆಮ್ಮ ಉಪವಾಸ ಮಲಗುತ್ತೇನೆಂದು ಹೆದರಿಸಿದಳು. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಗಂಡ ಸ್ನಾನಕ್ಕೆ ಕೂತಾಗ ಬಿಸಿನೀರು ತೋಡಿಕೊಡುತ್ತ ಕಾಮೇಶ್ವರಮ್ಮನೇ ಅಂದಳು:

"ಒಂದು ಕೆಲಸ ಮಾಡಿ. ತೆಗೆದುಹಾಕಿದ ಆ ಸೀಸಪದ್ಯ ಸಭೇಲಿ ಬಾಯಲ್ಲಿ ಹೇಳಿ. ಅವನ ಮುಂದೆ, ಎಲ್ಲರ ಮುಂದೆ. ಧಾರೆಗೆ ಮೊದಲು. ಪುಸ್ತಕದಲ್ಲಿ ಇಲ್ಲದಿದ್ರೆ ಬೇಡ. ಅದನ್ನ ಕೇಳಿದ ಮೇಲೆ ನಾನು ನೀರು ಬಿಡ್ತೀನಿ."

"ಅಷ್ಟೇ ತಾನೇ?"

"ಅಷ್ಟೇ. ಮಗನಿಗೆ ಹೋಗಿ ಹೇಳಬೇಕು ನಾನು."

"ಹೇಳ್ತೀನಿ ಮಾರಾಯ್ತಿ. ನಾನೇ ಬರೆದ ಪದ್ಯ ಹೇಳೋಕೆ ನನಗೇನು ಭಯ?" ಎಂದರು ಅವಧಾನಿಗಳು, ಬೆನ್ನು ಉಜ್ಜಿಸಿಕೊಳ್ಳುತ್ತ.

ವಿಜಯದಶಮಿಯ ದಿನ ಅಚ್ಚಿರಾಜುವಿನ ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ. ಒಂದು ಕಂಬಕ್ಕೆ ಮೂರು ಬಣ್ಣದ ಬಾವುಟ, ಎದುರಿನ ಗೋಡೆಯಲ್ಲಿ ಬ್ರಿಟಿಷ್ ಚಕ್ರವರ್ತಿಗಳ ಪಟ. ಪಟಕ್ಕೂ ಹಾರ ಹಾಕಿದ್ದರು. ಕಾಂಗ್ರೆಸ್ ಅಧ್ಯಕ್ಷರು ಹಾಲಿನಂಥ ಖಾದಿಯಲ್ಲಿ ಬಂದು, ಪಟಕ್ಕೆ ಬೆನ್ನು ಹಾಕಿ ಕುರ್ಚಿ ತಿರುಗಿಸಿಕೊಂಡು ಕೂತರು. ಅಷ್ಟಕ್ಕೇ ಅವರ ಮನಸ್ಸಾಕ್ಷಿಗೆ ಸಮಾಧಾನವಾಯಿತು. ಬಾಸಿಂಗ ಕಟ್ಟಿದ ಪುಸ್ತಕವನ್ನು ಅಚ್ಚಿರಾಜುವಿನ ಹೆಂಡತಿಯ ತೊಡೆಯ ಮೇಲೆ ಇಟ್ಟಾಗ ಹೆಂಗಸರು, "ಸವತಿ ಬಂದಳಲ್ಲಮ್ಮ, ಹುಷಾರು," ಎಂದು ಅವಳನ್ನು ಚುಡಾಯಿಸಿದರು. ಆಕೆ ಪಾಪ, ಬೆವರುತ್ತಿದ್ದಳು.

ಅವಧಾನಿಗಳು ಓದಿದರು. ಕಂಠ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನಲಾಗದು. ಚಂದ್ರವಂಶ, ಕತ್ತಿ, ದಂಡಯಾತ್ರೆ ಎಲ್ಲ ಬಂತು. ಪಂಡಿತರು ಆಹಾ ಎಂದರು. ಭಾರತಮಾತೆಯ ಸಂಕೋಲೆ ಬಂತು, ಅಧ್ಯಕ್ಷರು ಕಣ್ಣೊರೆಸಿಕೊಂಡರು. ಚಪ್ಪಾಳೆ. ಓದು ಮುಗಿಯಿತು. ಕಾಮೇಶ್ವರಮ್ಮ ಕಾದಳು. ಗಂಡ ನೀರು ಕುಡಿದರು, ನಶ್ಯ ಏರಿಸಿದರು, ಅಚ್ಚಿರಾಜುವಿನ ಕಡೆ ನೋಡಿ ಕೈಮುಗಿದು ಪೀಠದ ಮೇಲೆ ಕೂತುಬಿಟ್ಟರು. ಎಡಗಾಲು ಮುಂದೆ ಚಾಚಿದರು. ಅಚ್ಚಿರಾಜು ಬಗ್ಗಿ ಗಂಡಪೆಂಡೇರ ತೊಡಿಸಿದ. ಕಾಲಲ್ಲಿ ಹೊಳೆಯುತ್ತಿದ್ದ ಬಂಗಾರವನ್ನು ಅವಧಾನಿಗಳು ಒಂದು ಸಲ ಅಲ್ಲಾಡಿಸಿ ನೋಡಿಕೊಂಡರು.

"ಅಮ್ಮಾ, ಬನ್ನಿ. ಧಾರೆ," ಎಂದರು ಸೋಮಯಾಜುಲು.

ಕಾಮೇಶ್ವರಮ್ಮ ಹೋಗಿ ಗಿಂಡಿ ಎತ್ತಿಕೊಂಡು ಗಂಡನ ಪಕ್ಕ ನಿಂತಳು. ತಗ್ಗಿದ ದನಿಯಲ್ಲಿ ಕೇಳಿದಳು, "ಓದಲಿಲ್ಲವಲ್ಲ?"

"ಆಮೇಲೆ," ಎಂದರು ಅವಧಾನಿಗಳು ತುಟಿ ಅಲ್ಲಾಡಿಸದೆ. "ಎಲ್ಲ ಮುಗಿದ ಮೇಲೆ ಹೇಳ್ತೀನಿ. ಈಗ ರಸಭಂಗ ಆಗುತ್ತೆ."

"ಈಗ."

"ಜನ ನೋಡ್ತಿದ್ದಾರೆ. ಬಿಡು ನೀರು."

ಆ ಮುಖವನ್ನು ಕಾಮೇಶ್ವರಮ್ಮ ನೋಡಿದಳು. ಮೂಗಿನ ಕೆಳಗೆ ನಶ್ಯದ ಕಪ್ಪು ಗೆರೆ, ಅದರ ಮೇಲೆ ಬೆವರು. ಸಿಟ್ಟು ಬರಲಿಲ್ಲ. ಊಟದಲ್ಲಿ ಹಲ್ಲಿ ಬಿದ್ದದ್ದು ಕಂಡ ಹಾಗೆ ಆಯಿತು. ಗಿಂಡಿಯನ್ನು ನೆಲಕ್ಕೆ ಇಟ್ಟು, "ನಾನು ಬಿಡಲ್ಲ," ಎಂದಳು. ಮುಂದಿನ ಸಾಲಿಗೆ ಕೇಳುವಷ್ಟೇ ಹೇಳಿದಳು. ಕೂಗಲಿಲ್ಲ.

ಭೂಮಿ ಬಿರಿಯುತ್ತದೆ ಎಂದು ಅವಳೇನೂ ಅಂದುಕೊಂಡಿರಲಿಲ್ಲ, ಆದರೂ ಧಾರೆ ನಿಲ್ಲುತ್ತದೆ ಎಂದುಕೊಂಡಿದ್ದಳು. ಸೋಮಯಾಜುಲು ನುರಿತವರು. ಗಾಬರಿಯಾಗಲಿಲ್ಲ.

"ಆಕೆಗೆ ಮೈ ಸರಿ ಇಲ್ಲದಿದ್ರೆ ಚಿಂತೆಯಿಲ್ಲ. ಪತ್ನಿ ಸನ್ನಿಹಿತಳಲ್ಲದಾಗ ಆಕೆಯ ಜಾಗದಲ್ಲಿ ದರ್ಭೆಯ ಕೂರ್ಚ ಇಡಬಹುದು. ಶಾಸ್ತ್ರವಿದೆ," ಎಂದು ಚೀಲದಿಂದ ನಾಲ್ಕು ಎಳೆ ದರ್ಭೆ ತೆಗೆದು, ಗಂಟು ಹಾಕಿ, ಅವಧಾನಿಗಳ ಪಕ್ಕದ ಮಣೆಯ ಮೇಲೆ ಇಟ್ಟರು. ಅಕ್ಷತೆ ಹಾಕಿದರು. "ಧರ್ಮಪತ್ನೀ ಸಮೇತಸ್ಯ" ಎಂದು ಮಂತ್ರ ಮುಂದುವರಿಸಿದರು. ಒಬ್ಬ ಶಿಷ್ಯ ಗಿಂಡಿ ಎತ್ತಿ ನೀರು ಬಿಟ್ಟ. ಓಲಗ ಮೊಳಗಿತು. ಜನ ಅಕ್ಷತೆ ಎರಚಿದರು. ಕಾಂಗ್ರೆಸ್ ಅಧ್ಯಕ್ಷರೂ ಎರಚಿದರು.

ಮೂವತ್ತು ವರ್ಷ ಆ ಮನುಷ್ಯನಿಗೆ ಬೇಯಿಸಿ ಹಾಕಿದವಳು, ನೂತವಳು, ಹೆತ್ತವಳು ಮಣೆಯ ಪಕ್ಕದಲ್ಲಿ ನಿಂತಿದ್ದಳು. ಅವಳ ಕೆಲಸವನ್ನು ನಾಲ್ಕು ಎಳೆ ಹುಲ್ಲು ಮಾಡಿ ಮುಗಿಸಿತು. ಯಾರಿಗೂ ಕೊರತೆ ಕಾಣಲಿಲ್ಲ.

ಕಾಮೇಶ್ವರಮ್ಮ ಸೊಸೆಯ ಕೈ ಹಿಡಿದು ಹೊರಗೆ ನಡೆದಳು. ಬುಚ್ಚೆಮ್ಮ ಕಂಬದ ಹತ್ತಿರ ನಿಂತು ಮಣೆಯ ಮೇಲಿನ ದರ್ಭೆಯನ್ನೇ ನೋಡುತ್ತಿದ್ದಳು, ಕರೆದರೂ ತಿರುಗಲಿಲ್ಲ. ಬಂಡಿ ಬೇಡವೆಂದು ಇಬ್ಬರೂ ಕಾಲುವೆ ದಂಡೆಯಲ್ಲಿ ನಡೆದರು. ಹೆಂಡದಂಗಡಿ ತೆರೆದಿತ್ತು, ಹಬ್ಬದ ವ್ಯಾಪಾರ ಜೋರಾಗಿತ್ತು. ಮನೆಗೆ ಬಂದು ಬಾವಿಯಲ್ಲಿ ನೀರು ಸೇದಿ ಮಿಂದು, ಕಾಮೇಶ್ವರಮ್ಮ ತವರಿನ ಅಕ್ಕಿ ತೊಳೆದು ಇಬ್ಬರಿಗೆ ಆಗುವಷ್ಟು ಒಲೆಗೆ ಏರಿಸಿದಳು. ಬಿಸಿ ಅನ್ನ, ಗೋಂಗೂರ ಸೊಪ್ಪಿನ ಚಟ್ನಿ, ಹಸಿ ಈರುಳ್ಳಿ. ಗಂಡ ಉಣ್ಣುವ ಮೊದಲು ಆಕೆ ಉಂಡದ್ದು ಅದೇ ಮೊದಲು. ಕೈ ತಡೆಯಲಿಲ್ಲ. ಎರಡು ಸಲ ಹಾಕಿಕೊಂಡು ಉಂಡಳು.

ಬಿಸಿಲು ಇಳಿಯುವ ಹೊತ್ತಿಗೆ ಅವಧಾನಿಗಳು ಜಟಕಾದಲ್ಲಿ ಬಂದಿಳಿದರು. ಹಿಂದೆ ಬುಚ್ಚೆಮ್ಮ, ಹಣ್ಣಿನ ತಟ್ಟೆಗಳು, ಶಾಲು. ಸಾರಾಯಿಯವರ ಮನೆಯಲ್ಲಿ ಬೇಯಿಸಿದ್ದನ್ನು ಉಣ್ಣುವ ಹಾಗಿಲ್ಲವಲ್ಲ, ಹೊಟ್ಟೆ ಖಾಲಿ. ಹೆಂಡತಿಯನ್ನು ಬೈಯಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಿರಬೇಕು. ಹಸಿವಿನ ಮುಂದೆ ಅದು ಹಿಂದಾಯಿತು.

"ಆದದ್ದು ಆಯ್ತು," ಎಂದರು ದೊಡ್ಡಮನಸ್ಸು ಮಾಡಿ. "ಎಲೆ ಹಾಕು."

"ಇವತ್ತು ನಿಮ್ಮ ಪಕ್ಕ ಧರ್ಮಪತ್ನಿಯಾಗಿ ಕೂತಿದ್ದಳಲ್ಲ, ಅವಳಿಗೆ ಹೇಳಿ."

"ತಮಾಷೆ ಸಾಕು ಕಾಮೇಶ್ವರಿ."

"ಅವಳನ್ನ ಅಲ್ಲೇ ಬಿಟ್ಟು ಬಂದ್ರಾ? ಬಂಗಾರ ಮಾತ್ರ ಮರೀದೆ ತಂದಿರಿ."

ಭ್ರಮರಾಂಬ ರಾಟೆಯ ಮುಂದೆ ಕೂತು ಎಳೆ ಕೂಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಅವಧಾನಿಗಳು ಅವಳನ್ನು ನೋಡಿ, ಹೆಂಡತಿಯನ್ನು ನೋಡಿ, ಕಾಲಿನ ಬಂಗಾರ ಗಲಗಲ ಎನ್ನಿಸುತ್ತ ಅಡಿಗೆಮನೆಗೆ ಹೋಗಿ ತಾವೇ ಎಲೆ ಹಾಸಿಕೊಂಡು ಕೂತರು. "ಅಕ್ಕಾ," ಎಂದು ಕರೆದರು. "ನೀನೇ ಬಡಿಸು. ಏನಿದ್ದರೆ ಅದು."

ಬುಚ್ಚೆಮ್ಮ ಹೊಸ್ತಿಲ ಆಚೆಯೇ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ.

"ಹೇಗೆ ಬಡಿಸಲಿ ತಮ್ಮಾ? ಸಾರಾಯಿಯವರ ಮನೆಗೆ ಹೋಗಿ ಬಂದವಳು. ಮೈಲಿಗೆ. ಒಲೆ ಮುಟ್ಟೋ ಹಾಗಿಲ್ಲ," ಎಂದಳು. ಸ್ವಲ್ಪ ತಡೆದು, "ನೀನೂ ಅಲ್ಲಿಂದಲೇ ಬಂದವನು. ಎದ್ದು ಆಚೆಗೆ ಬಾ," ಎಂದಳು.